ನಾನು ಕಂಡ ನಾಲ್ಕು ರೆಕ್ಕೆಯ ನೊಣ

ಬಣ್ಣದ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು. ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನನ್ನ ತಲೆ ನರೆತಿದೆ. ಅರಿಸಿನದ ಹಳದಿಗೂ ನಿಂಬೆಹಣ್ಣಿನ ಹಳದಿಗೂ ಸಾಸಿವೆ ಹೂವಿನ ಹಳದಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟಿದ್ದೆ. ಕಣ್ಣು ಮುಚ್ಚಿಕೊಂಡರೆ ಬಣ್ಣ ಹೇಗೆ ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ನಮ್ಮ ಸ್ಟಾಫ್ ರೂಮಿನವರು ಒಳ್ಳೆಯವರು.

ಹೀಗಾಗಿ ಆ ಶನಿವಾರ ಸಂಜೆ ಮೇಘನ ಬಂದು, ಒಂದು ನೊಣದ ಬಣ್ಣ ನೋಡಿ ಬರೆದುಕೊಡಬೇಕು ಮಾವ ಎಂದಾಗ ನಾನು ನಕ್ಕುಬಿಟ್ಟೆ. "ಇಷ್ಟೇನಾ?" ಎಂದೆ. ಆ ಒಂದು ಮಾತನ್ನು ಈಗ ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಮುಂದೆ ಬರಲಿರುವ ನನ್ನ ಪಿಂಚಣಿಯಲ್ಲಿ ಅರ್ಧ ಬಿಟ್ಟುಕೊಡುತ್ತೇನೆ.

ಮೇಘನ ನನ್ನ ಹೆಂಡತಿ ಗಿರಿಜಳ ಅಣ್ಣನ ಮಗಳು. ನೊಣಗಳ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾಳೆ. ನೊಣ ಎಂದರೆ ಬೆಲ್ಲದ ಮೇಲೆ ಕೂರುವ ನಮ್ಮ ಮನೆ ನೊಣವಲ್ಲ. ಹೂವಿನ ಮುಂದೆ ಗಾಳಿಯಲ್ಲಿ ಒಂದೇ ಕಡೆ, ಮೊಳೆ ಹೊಡೆದು ನೇತುಹಾಕಿದ ಹಾಗೆ ನಿಂತು ಹಾರುವ ನೊಣ. ಹೂನೊಣ ಅನ್ನುತ್ತಾಳೆ ಅವಳು. ಲಕ್ಕವಳ್ಳಿಯ ಕಡೆ, ಡ್ಯಾಮಿನ ನಾಲೆ ಕಾಡಿಗೆ ತಾಗುವ ಜಾಗದಲ್ಲಿ ಅವಳಿಗೆ ಒಂದು ಜಾತಿಯ ಹೂನೊಣ ಸಿಕ್ಕಿತ್ತು. ಈವರೆಗೆ ಯಾರೂ ಹೆಸರಿಡದ ನೊಣ ಅದು ಎಂದು ಅವಳ ಗುಮಾನಿ. ಆದರೆ ಹಿಂದೆ ಹಿಡಿದವೆಲ್ಲ ಸತ್ತು ಒಣಗಿ ಒಂದೇ ಥರ ಕಂದುಬಣ್ಣಕ್ಕೆ ತಿರುಗಿದ್ದವು. ಅದನ್ನು ನೋಡಿದ ಅವಳ ಗೈಡ್ ಮೇಡಂ, ಇದು ಹಳೆಯ ಜಾತಿಯೇ ಇರಬಹುದು, ಜೀವಂತ ತೋರಿಸದೆ ನಾನು ಒಪ್ಪುವುದಿಲ್ಲ ಎಂದಿದ್ದರಂತೆ. ವರ್ಷಗಟ್ಟಲೆ ನಾಲೆಯ ದಂಡೆಯ ಮೇಲೆ ಬಿಸಿಲಲ್ಲಿ ಕೂತು, ಜಿಗಣೆ ಕಚ್ಚಿಸಿಕೊಂಡು, ಈಗ ಒಂದನ್ನು ಜೀವಂತ ಹಿಡಿದು ತಂದಿದ್ದಳು. ಮಾರನೇ ದಿನ ಮೇಡಂ ರೈಲಿನಲ್ಲಿ ಬರುವವರಿದ್ದರು. ಆ ರೈಲು ಅಜ್ಜಂಪುರದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮೇಘನ ಕಡೂರಿಗೆ ಹೋಗಿ ಅವರನ್ನು ಕರೆದುಕೊಂಡು ಬರಬೇಕು. ಬಸ್ಸಿನ ಸೆಕೆಯಲ್ಲಿ ನೊಣವನ್ನು ಅಲ್ಲಿಗೆ ಒಯ್ದರೆ ಸತ್ತೇ ಹೋಗುತ್ತದೆ. ಇಲ್ಲೇ ಬಿಟ್ಟರೂ ಅವರು ಬರುವಷ್ಟರಲ್ಲಿ ಸಾಯಬಹುದು. ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲಿ ಗಾಜಿನ ಹೊಳಪು ಬಿದ್ದು ಒಂದೊಂದರಲ್ಲಿ ಒಂದೊಂದು ಬಣ್ಣ. ಅದಕ್ಕೇ ಬಣ್ಣ ಬಲ್ಲವರೊಬ್ಬರು ಹಗಲು ಬೆಳಕಿನಲ್ಲಿ ಕಣ್ಣಾರೆ ನೋಡಿ ಬರೆದಿಟ್ಟರೆ ಒಂದು ಆಧಾರವಾಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಒದ್ದೆ ಬಟ್ಟೆ ಸುತ್ತಿದ್ದ ಗಾಜಿನ ಬಾಟಲಿಯನ್ನು ನನ್ನ ಕೋಣೆಯ ಮೇಜಿನ ಮೇಲಿಟ್ಟಳು. ತಲೆಯಿಂದ ಶುರುಮಾಡಿ ಕಾಲಿನವರೆಗೆ ಬರೆಯಬೇಕು, ಮುಖ, ಕಣ್ಣು, ಮೀಸೆ, ಬೆನ್ನು, ಹೊಟ್ಟೆ, ರೆಕ್ಕೆ, ಕಾಲು ಎಂದು ಹೇಳಿಕೊಟ್ಟಳು.

"ಹೋಲಿಕೆ ಗೀಲಿಕೆ ಬೇಡ ಮಾವ. ಇದ್ದದ್ದನ್ನ ಇದ್ದಂಗೆ ಬರೀರಿ ಸಾಕು. ಅದು ಕಚ್ಚಲ್ಲ, ಕುಟುಕಲ್ಲ. ನೊಣ ಅಷ್ಟೇ."

"ನೀನು ಹೋಗಿ ಬಾರಮ್ಮ. ನಾನಿಲ್ವಾ?" ಎಂದೆ. ಗಿರಿಜ ಅವಳ ಹಿಂದೆಯೇ ಪರಿಚಯದವರ ಮನೆಯ ಸೀಮಂತಕ್ಕೆ ಹೊರಟಳು. ನಾನು ಕನ್ನಡಕ ಒರೆಸಿಕೊಂಡು, ಪೆನ್ನಿನ ಕ್ಯಾಪು ತೆಗೆದು, ಗಂಭೀರವಾಗಿ ಒದ್ದೆ ಬಟ್ಟೆ ಬಿಚ್ಚಿದೆ.

ಒಳಗಿದ್ದದ್ದು ಕಡಜ!

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಸಖರಾಯಪಟ್ಟಣದಲ್ಲಿ. ಚಿಕ್ಕವನಿದ್ದಾಗ ಒಂದು ತೆಂಗಿನ ತೋಟದಲ್ಲಿ ಬಿದ್ದ ಮಟ್ಟೆಯನ್ನು ಎಳೆಯಲು ಹೋಗಿ ಅದರಡಿಯಿದ್ದ ಕಡಜದ ಗೂಡಿಗೆ ಕೈ ಹಾಕಿದ್ದೆ. ಅಳುತ್ತಾ ಮನೆಗೆ ಓಡಿದವನನ್ನು ನೋಡಿ ನನ್ನ ತಾಯಿ, ಯಾರ ಮನೆ ಮಗು ಇದು ಎಂದು ಕೇಳಿದ್ದರು. ಮುಖ ಅಷ್ಟು ಊದಿತ್ತು. ಅವತ್ತಿನಿಂದ ಹಳದಿ ಕಪ್ಪು ಪಟ್ಟೆಯ ಹುಳ ಕಂಡರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಈ ಸಂಗತಿಯನ್ನು ನಾನು ಗಿರಿಜಳಿಗೂ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೇಳಲು ನಾಚಿಕೆ. ಆಮೇಲೆ ಹೇಳಲು ತಡವಾಗಿತ್ತು.

ಬಾಟಲಿಯೊಳಗಿನ ಪ್ರಾಣಿಗೆ ಕಡಜದ್ದೇ ಪಟ್ಟೆ, ಕಡಜದ್ದೇ ಸಣ್ಣ ಸೊಂಟ, ಕಡಜದ ಹಾಗೆಯೇ ಮುಂದಕ್ಕೆ ಚಾಚಿದ ಮೀಸೆ. ನಾನು ಬಟ್ಟೆ ತೆಗೆದ ಕೂಡಲೇ ಅದು ಝೇಂ ಎಂದು ಹಾರಿ ನನ್ನ ಮುಖದ ನೇರಕ್ಕೆ ಗಾಜಿಗೆ ಬಡಿಯಿತು. ನಾನು ಬಾಗಿಲ ಬಳಿ ಇದ್ದೆ. ಅಲ್ಲಿಗೆ ಹೇಗೆ ತಲುಪಿದೆ ಎಂದು ಇವತ್ತಿಗೂ ತಿಳಿಯದು.

ಇದು ನೊಣ, ಇದು ನೊಣ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಕಡಜದ ವೇಷ ಹಾಕಿ ಹಕ್ಕಿಗಳನ್ನು ಹೆದರಿಸಿ ಬದುಕುವ ಬಡಪಾಯಿ ಎಂದು ಮೇಘನ ಹಿಂದಿನ ರಾತ್ರಿ ಊಟದ ಹೊತ್ತಿಗೆ ವಿವರಿಸಿದ್ದಳು. ನನ್ನ ತಲೆಗೆ ಇದೆಲ್ಲ ಅರ್ಥವಾಗಿತ್ತು. ಮಂಡಿಗೆ ಅರ್ಥವಾಗಿರಲಿಲ್ಲ.

ಆದರೂ ಒಪ್ಪಿಕೊಂಡ ಕೆಲಸ. ಬಾಗಿಲಲ್ಲೇ ನಿಂತು ಬರೆಯತೊಡಗಿದೆ. "ಮುಖ: ಸ್ಪಷ್ಟವಾಗಿ ಕಾಣುತ್ತಿಲ್ಲ, ಆದರೆ ಕೋಪಗೊಂಡಂತಿದೆ. ಕಣ್ಣು: ನನ್ನನ್ನೇ ನೋಡುತ್ತಿವೆ. ಬಣ್ಣ ಕೆಂಪಿರಬಹುದು." ಇದನ್ನು ಓದಿದರೆ ಯಾವ ಗೈಡ್ ಮೇಡಂ ಒಪ್ಪಿಯಾರು? ಹತ್ತಿರ ಹೋಗದೆ ವಿಧಿಯಿರಲಿಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಮಂಚದ ಮೇಲಿನ ಸೊಳ್ಳೆ ಪರದೆ.

ಮೇಜನ್ನು ಕಾಲಿನಿಂದ ಮೆಲ್ಲಗೆ ಮಂಚದ ಪಕ್ಕಕ್ಕೆ ದೂಡಿ, ನಾನು ಪರದೆಯೊಳಗೆ ನುಗ್ಗಿ, ಅಂಚನ್ನು ಹಾಸಿಗೆಯ ಕೆಳಗೆ ಭದ್ರವಾಗಿ ಸಿಕ್ಕಿಸಿ, ಚಕ್ಕಳಮಕ್ಕಳ ಹಾಕಿ ಕೂತೆ. ಕೈಯಲ್ಲಿ ಮೇಘನ ಕೊಟ್ಟ ಭೂತಗನ್ನಡಿ. ಆ ಹೆಸರಿಟ್ಟವನು ಖಂಡಿತ ಅದರಲ್ಲಿ ಕಡಜವನ್ನೇ ನೋಡಿರಬೇಕು. ಪರದೆಯ ಬಲೆ ಅಡ್ಡ, ಅದರಾಚೆ ಗಾಜು ಅಡ್ಡ, ಬಾಟಲಿಯ ತಳಕ್ಕೆ ಮೇಘನ ಹಾಕಿದ್ದ ಒದ್ದೆ ಹತ್ತಿಯಿಂದ ಗಾಜಿನೊಳಗೆಲ್ಲ ಮಂಜು. ಅದರ ನಡುವೆ ಒಂದು ಕೆಂಪು ಕಣ್ಣು ತಟ್ಟೆಯಷ್ಟಗಲ ಕಂಡು ಮಾಯವಾಯಿತು. ಭೂತಗನ್ನಡಿ ನನ್ನ ಕೈಯಿಂದ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ಒಂದು ಉಪಾಯ ಹೊಳೆಯಿತು. ಪರದೆಯೊಳಗೆ ಇರಬೇಕಾದವನು ನಾನಲ್ಲ, ಅದು! ಬಾಟಲಿಯನ್ನು ಹಾಸಿಗೆಯ ಮೇಲಿಟ್ಟು ನಾನು ಹೊರಗೆ ಬಂದರೆ, ಅಕಸ್ಮಾತ್ ತಪ್ಪಿಸಿಕೊಂಡರೂ ಅದು ಪರದೆಯೊಳಗೇ ಉಳಿಯುತ್ತದೆ. ಇಷ್ಟು ಬುದ್ಧಿ ನನಗೆ ಮೊದಲೇ ಇದ್ದಿದ್ದರೆ ಹೆಡ್‌ಮಾಸ್ಟರ್ ಆಗಿರುತ್ತಿದ್ದೆ ಎನಿಸಿತು. ಬಾಟಲಿಯನ್ನು ಟವೆಲಿನಿಂದ ಹಿಡಿದು ಹಾಸಿಗೆಯ ಮಧ್ಯೆ ಇಟ್ಟೆ. ಗಾಜಿನ ಮಂಜು ಹೋಗಲಿ, ಒಂದಿಷ್ಟು ಗಾಳಿಯಾಡಲಿ ಎಂದು ಪರದೆಯಂಚಿನಿಂದ ಒಂದು ಕೈ ತೂರಿಸಿ, ಬಾಟಲಿಯ ಬಾಯಿಗೆ ಕಟ್ಟಿದ್ದ ಬಟ್ಟೆಯ ರಬ್ಬರ್ ಬ್ಯಾಂಡನ್ನು ಸ್ವಲ್ಪವೇ ಸ್ವಲ್ಪ ಸಡಿಲಿಸಿದೆ. ರಬ್ಬರ್ ಬ್ಯಾಂಡು ಪಟ್ಟೆಂದು ಹಾರಿ ನನ್ನ ಬೆರಳಿಗೆ ಹೊಡೆಯಿತು. ಕುಟುಕಿತು ಎಂದುಕೊಂಡು ನಾನು ಕೈ ಎಳೆದುಕೊಂಡೆ. ಬಾಟಲಿ ಉರುಳಿತು. ಝೇಂ!

ನಾನು ಅಡುಗೆಮನೆಯಲ್ಲಿದ್ದೆ.

ಎಷ್ಟೋ ಹೊತ್ತಿನ ಮೇಲೆ ಕೋಣೆಯ ಬಾಗಿಲಿನಿಂದ ಇಣುಕಿ ನೋಡಿದೆ. ಬಾಟಲಿ ಖಾಲಿ. ಪರದೆಯ ಅಂಚು, ನಾನು ಕೈ ಎಳೆದುಕೊಂಡ ಕಡೆ, ಮೇಲಕ್ಕೆ ಎದ್ದಿತ್ತು. ಪರದೆಯೊಳಗೆ ಎಲ್ಲೂ ಏನೂ ಹಾರುವುದು ಕಾಣಲಿಲ್ಲ. ಹತ್ತಿರ ಹೋಗಿ ನೋಡುವ ಧೈರ್ಯವಂತೂ ನನಗಿರಲಿಲ್ಲ.

ಅಲ್ಲಿಯವರೆಗೆ ನೊಣ ಇದೆಯಲ್ಲ ಎಂದು ಹೆದರಿದ್ದೆ. ಈಗ ಇಲ್ಲವಲ್ಲ ಎಂಬ ಹೆದರಿಕೆ ಶುರುವಾಯಿತು. ಇದು ಬೇರೆಯೇ ಥರದ ಹೆದರಿಕೆ. ನಾಲೆಯ ದಂಡೆಯ ಮೇಲೆ ಆ ಹುಡುಗಿ ಕೂತ ಬಿಸಿಲೆಲ್ಲ ನೆನಪಿಗೆ ಬಂತು. ಮೇಡಂ ಅಷ್ಟು ದೂರದಿಂದ ಬಂದು ಖಾಲಿ ಬಾಟಲಿ ನೋಡಿದರೆ ಇವಳ ಬಗ್ಗೆ ಏನಂದುಕೊಳ್ಳುತ್ತಾರೆ? ನಿಮ್ಮ ಮಾವ ಏನು ಮಾಡಿದರು ಎಂದು ಕೇಳಿದರೆ ಇವಳು ಏನೆಂದು ಹೇಳಬೇಕು?

ಹುಡುಕಲೇಬೇಕು ಎಂದು ತೀರ್ಮಾನಿಸಿದೆ. ಸ್ವೆಟರ್ ಹಾಕಿಕೊಂಡೆ. ಅದರ ಮೇಲೆ ರೇನ್‌ಕೋಟ್. ಕೈಗೆ ತರಕಾರಿ ಚೀಲ ಸುತ್ತಿಕೊಂಡು, ತಲೆಗೆ ಸ್ಕೂಟರ್ ಹೆಲ್ಮೆಟ್ ಹಾಕಿ ಗಾಜು ಇಳಿಸಿದೆ. ಬೇಸಿಗೆ ಅದು. ನನ್ನ ಉಸಿರಿನಿಂದಲೇ ಹೆಲ್ಮೆಟ್ಟಿನ ಗಾಜಿಗೂ ಮಂಜು ಹಿಡಿಯಿತು. ಪರದೆಯಿದ್ದ ಕೋಣೆಯೊಂದನ್ನು ಬಿಟ್ಟು ಹಜಾರ, ದೇವರಮನೆ, ಬಚ್ಚಲುಮನೆ ಎಲ್ಲ ತಡಕಾಡಿ ಹಿತ್ತಲಿಗೆ ಬಂದೆ. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ರುದ್ರಣ್ಣ ನೋಡುತ್ತಿದ್ದರು. ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಯಾವುದಕ್ಕೂ ಆಶ್ಚರ್ಯಪಡದ ಮನುಷ್ಯ.

"ಏನ್ ಮೇಷ್ಟ್ರೇ, ಎಲ್ಲಿಗೋ ಹೊಂಟಂಗಿದೆ" ಎಂದರು.

"ಒಂದು ನೊಣ ಕಳೆದುಹೋಗಿದೆ ರುದ್ರಣ್ಣ" ಎಂದೆ.

ಅವರು ಸ್ವಲ್ಪ ಯೋಚನೆ ಮಾಡಿದರು. "ನಮ್ಮನೇಲಿ ಬೇಕಾದಷ್ಟವೆ. ಎಷ್ಟ್ ಬೇಕೋ ತಗೊಂಡೋಗಿ."

ಗಿರಿಜ ಸೀಮಂತದ ಊಟ ಮುಗಿಸಿ ಬಂದಾಗ ನಾನು ಅಡುಗೆಮನೆಯ ಮೂಲೆಯಲ್ಲಿ ಹೆಲ್ಮೆಟ್ ಸಮೇತ ಸ್ಟೂಲಿನ ಮೇಲೆ ಕೂತಿದ್ದೆ. ನಡೆದದ್ದನ್ನೆಲ್ಲ ಹೇಳಿದೆ. ಸಖರಾಯಪಟ್ಟಣದ ತೆಂಗಿನ ಮಟ್ಟೆಯಿಂದ ಹಿಡಿದು ಎಲ್ಲವನ್ನೂ. ಇಷ್ಟು ವರ್ಷದ ಗುಟ್ಟು ಕೇಳಿ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಚೀಲ ಕೆಳಗಿಟ್ಟು ನನ್ನ ಹೆಲ್ಮೆಟ್ ತೆಗೆದು, ಸೆರಗಿನಿಂದ ಮುಖ ಒರೆಸಿದಳು.

"ಅದು ನೊಣ ಕಣ್ರೀ. ನಿನ್ನೆ ಮೇಘನ ಅದನ್ನ ಕೈ ಮೇಲೆ ಬಿಟ್ಕೊಂಡು ನಂಗೆ ತೋರಿಸಿದ್ಲು. ಹೂವಿನ ಎಸಳು ಬಿದ್ದಂಗಿತ್ತು, ಅಷ್ಟೇ."

ಆ ಮಾತು ಕೇಳಿ ನನ್ನ ಮೈಗೆ ಒಂದು ಹೊಸ ಬಲ ಬಂತು. ನನ್ನ ಹೆಂಡತಿ ಹೆದರದ ಹುಳಕ್ಕೆ ನಾನು ಹೆದರುವುದೇ? ಎದ್ದು ನಿಂತೆ. ಅದೇ ಗಳಿಗೆಯಲ್ಲಿ ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ, ಹಳದಿ ಕಪ್ಪು ಪಟ್ಟೆ ಮಿಂಚಿಸುತ್ತಾ, ಮೀಸೆ ಅಲ್ಲಾಡಿಸುತ್ತಾ ಅದು ನಡೆದುಹೋಗುತ್ತಿರುವುದು ಕಂಡಿತು.

"ಸಿಕ್ತು" ಎಂದೆ ಮೆಲ್ಲಗೆ.

ರೇನ್‌ಕೋಟ್ ಬಿಚ್ಚಿದೆ. ತರಕಾರಿ ಚೀಲ ಎಸೆದೆ. ಜೀವಮಾನದ ಭಯವನ್ನು ಒಂದು ಹೆಜ್ಜೆಯಲ್ಲಿ ದಾಟಿ ಬರಿಗೈಯಲ್ಲಿ ಅದನ್ನು ಹಿಡಿದೇಬಿಟ್ಟೆ.

ಆಮೇಲೆ ಆದದ್ದನ್ನು ವರ್ಣಿಸಲು ನನ್ನಲ್ಲಿ ಬಣ್ಣ ಸಾಲದು. ತೋರುಬೆರಳಿನ ತುದಿಯಿಂದ ಹೊರಟ ಬೆಂಕಿ ಮೊಣಕೈ ದಾಟಿ ಕಿವಿಯವರೆಗೆ ಬಂತು. ಆದರೂ ಮುಷ್ಟಿ ಬಿಡಲಿಲ್ಲ. ಮತ್ತೆ ಕಳೆದುಕೊಂಡರೆ ಮೇಘನಳ ಮುಖ ನೋಡುವುದು ಹೇಗೆ? ಅದು ಮತ್ತೊಮ್ಮೆ ಹೊಡೆಯಿತು. ಕಣ್ಣಲ್ಲಿ ನೀರು ಸುರಿಸುತ್ತಾ ಕೋಣೆಯವರೆಗೆ ಓಡಿ, ಪರದೆಯೊಳಗೆ ಕೈ ಹಾಕಿ ಬಾಟಲಿಯನ್ನು ಎಳೆದುಕೊಂಡು, ಅದರೊಳಗೆ ಹುಳವನ್ನು ಹಾಕಿ ಬಟ್ಟೆ ಕಟ್ಟಿದೆ.

ಗಿರಿಜ ಬೆರಳಿಗೆ ಸುಣ್ಣ ಹಚ್ಚುತ್ತಾ, ಮೇಘನ ಕುಟುಕಲ್ಲ ಅಂದಿದ್ದಳಲ್ಲ ಎಂದು ಅನುಮಾನಪಟ್ಟಳು.

ನಾನು ಯೋಚಿಸಿದೆ. ನನ್ನ ಬುದ್ಧಿ ನೋವಿನಲ್ಲೂ ಕೆಲಸ ಮಾಡುತ್ತದೆ. "ಹೊಸ ಜಾತಿ ಅಲ್ವೇನೇ? ಹೊಸ ಗುಣ" ಎಂದೆ.

ಹೌದು! ಪ್ರಪಂಚದಲ್ಲಿ ಈವರೆಗೆ ಯಾರೂ ಕಾಣದ ಕುಟುಕುವ ನೊಣವನ್ನು ಅಜ್ಜಂಪುರದ ಡ್ರಾಯಿಂಗ್ ಮೇಷ್ಟ್ರೊಬ್ಬ ಪತ್ತೆಹಚ್ಚಿದ್ದ. ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ, ಆಗಬೇಕಾದದ್ದು ಆಗಿಹೋಗಿತ್ತು. ಬಾಟಲಿಯ ಮುಂದೆ ಕೂತು, ಎಡಗೈಯಲ್ಲಿ ಭೂತಗನ್ನಡಿ ಹಿಡಿದು, ಊದುತ್ತಿದ್ದ ಬಲಗೈಯಲ್ಲೇ ಬರೆದೆ. "ಮುಖ: ಹಳದಿ, ದವಡೆ ಬಲವಾಗಿದೆ. ಕಣ್ಣು: ಕಪ್ಪು, ಒಳಗಡೆ ತಗ್ಗಿದೆ. ಹೊಟ್ಟೆ: ಹಳದಿ ಪಟ್ಟೆ, ತುದಿ ಚೂಪು. ರೆಕ್ಕೆ: ನಾಲ್ಕು. ವಿಶೇಷ ಗುಣ: ಕುಟುಕುತ್ತದೆ. ಆಧಾರ: ಸ್ವಂತ ಅನುಭವ." ಒಂದೇ ಒಂದು ಹೋಲಿಕೆಯಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ.

ಸಂಜೆಗೆ ಮುಂಚೆ ಮೇಘನ ಮೇಡಂ ಅವರನ್ನು ಕರೆದುಕೊಂಡು ಬಂದಳು. ಬೆಳ್ಳಿ ಕೂದಲಿನ, ತೆಳ್ಳಗಿನ, ಮೆಲುದನಿಯ ಹೆಂಗಸು. ಕಾಫಿ ಕುಡಿದು, ನನ್ನ ಹಾಳೆಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದರು. "ರೆಕ್ಕೆ: ನಾಲ್ಕು" ಎಂಬಲ್ಲಿಗೆ ಬಂದಾಗ ನಿಲ್ಲಿಸಿದರು. ನೊಣಕ್ಕೆ ಎರಡೇ ರೆಕ್ಕೆ, ಅದು ನೊಣದ ಮೊದಲ ಲಕ್ಷಣ ಎಂಬುದು ನನಗೆ ಆವಾಗ ಗೊತ್ತಿರಲಿಲ್ಲ. ಕೊನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ನನ್ನ ಬೆರಳು ನೋಡಿದರು. ಆಮೇಲೆ ಬಾಟಲಿ ನೋಡಿದರು.

"ತುಂಬಾ ಚೆನ್ನಾಗಿ ಬರೆದಿದ್ದೀರಿ" ಎಂದರು. "ಇದು ಕಡಜ."

ಮೇಘನ ಬಾಟಲಿಯನ್ನೊಮ್ಮೆ ಎತ್ತಿ ನೋಡಿ ಕೆಳಗಿಟ್ಟು, ಹಜಾರದ ಕುರ್ಚಿಯಲ್ಲಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಆ ದಿನವೆಲ್ಲ ನಾನು ಹೆದರಿದ್ದೇ ಹೆದರಿದ್ದು, ಆದರೆ ಅವಳು ಹಾಗೆ ಕೂತದ್ದರಷ್ಟು ನನ್ನನ್ನು ಯಾವುದೂ ಹೆದರಿಸಲಿಲ್ಲ. ನಡೆದದ್ದನ್ನು ತೊದಲುತ್ತಾ ಹೇಳಿದೆ. ಮೇಡಂ ಒಂದೇ ಪ್ರಶ್ನೆ ಕೇಳಿದರು: ಬಾಟಲಿ ಉರುಳಿದ ಮೇಲೆ ಪರದೆಯೊಳಗೆ ಹೋಗಿ ನೋಡಿದಿರಾ? ಇಲ್ಲ ಎಂದೆ. ಕೈ ಹಾಕಿದ್ದೆ, ತಲೆ ಹಾಕಿರಲಿಲ್ಲ.

ಮೇಘನ ಎದ್ದು ಕೋಣೆಗೆ ಹೋದಳು. ನಾವು ಬಾಗಿಲಲ್ಲಿ ನಿಂತೆವು. ಅವಳು ಪರದೆಯೊಳಗೆ ಮೆಲ್ಲಗೆ ನುಸುಳಿ ಅಲ್ಲಾಡದೆ ಕೂತಳು. ಕಿಟಕಿಯಿಂದ ಇಳಿಬಿಸಿಲು ಬರುತ್ತಿತ್ತು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಅವಳ ದನಿ ಪಿಸುಗುಟ್ಟಿದ ಹಾಗೆ ಬಂತು. "ಮೇಡಂ, ಇಲ್ಲೇ ಇದೆ."

ಪರದೆಯ ಮೇಲ್ಮೂಲೆಯ ಮಡಿಕೆಯಲ್ಲಿ ಇಡೀ ದಿನ ಅದು ನನ್ನಿಂದ ಅಡಗಿ ಕೂತಿತ್ತು. ಈಗ ಹೊರಬಂದು ಗಾಳಿಯಲ್ಲಿ ನಿಂತಿತ್ತು. ಆದರೆ ಎಲ್ಲೂ ಕೂರುತ್ತಿರಲಿಲ್ಲ. ಮೇಡಂ ಕ್ಯಾಮೆರಾ ತೆಗೆದರೂ ಕೂರದ ನೊಣದ ಫೋಟೋ ಬರುತ್ತಿರಲಿಲ್ಲ. ಬೆಳಕು ಇಳಿಯುತ್ತಿತ್ತು. ಹೂನೊಣಗಳಿಗೆ ಬೆವರೆಂದರೆ ಇಷ್ಟ, ಉಪ್ಪು ನೆಕ್ಕಲು ಬಂದು ಕೂರುತ್ತವೆ ಎಂದು ಮೇಡಂ ಹೇಳಿದರು. ಮೇಘನ ಕೈ ಚಾಚಿದಳು. ಅದು ಮೂಸಿಯೂ ನೋಡಲಿಲ್ಲ. ಅವಳ ಕೈ ಒಣಗಿತ್ತು.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ತಲೆಯಿಂದ ಕಾಲಿನವರೆಗೆ ತೊಯ್ದುಹೋಗಿದ್ದೆ.

"ಬನ್ನಿ ಮಾವ" ಎಂದಳು ಮೇಘನ. ನಾನು ಹೋದೆ.

ಪರದೆಯೊಳಗೆ ಬಲಗೈಯನ್ನು ಮಂಡಿಯ ಮೇಲಿಟ್ಟು, ಕಣ್ಣು ಮುಚ್ಚಿ ಕೂತೆ. ಸುಣ್ಣವೆಲ್ಲ ಬೆವರಿನಲ್ಲಿ ಕೊಚ್ಚಿಹೋಗಿತ್ತು. ಝೇಂಕಾರ ಕಿವಿಯ ಹತ್ತಿರ ಬಂತು, ಮೂಗಿನ ಮುಂದೆ ನಿಂತಿತು, ಕೆಳಗಿಳಿಯಿತು. ಊದಿದ ಬೆರಳಿನ ಮೇಲೆ ಏನೋ ಕೂತಿತು. ಗಿರಿಜ ಹೇಳಿದ್ದು ನಿಜ, ಎಸಳು ಬಿದ್ದ ಹಾಗಿತ್ತು. ಆದರೂ ಓಡಿಹೋಗಲು ಇಡೀ ಮೈ ಹಾತೊರೆಯುತ್ತಿತ್ತು. ಅಲ್ಲಾಡಬೇಡಿ ಎಂದು ಮೇಡಂ ಮೆಲುದನಿಯಲ್ಲಿ ಹೇಳಿ, ಕ್ಯಾಮೆರಾ ಒತ್ತುತ್ತಾ ಲಕ್ಷಣ ಹೇಳತೊಡಗಿದರು. ಮೇಘನ ಬರೆದುಕೊಳ್ಳುತ್ತಿದ್ದಳು. ಮುಖ ಹಳದಿ, ನಡುವೆ ಸಣ್ಣ ಕಪ್ಪು ಗೆರೆ. ಬೆನ್ನು ಕಪ್ಪು, ಅದರ ಮೇಲೆ ಬೂದು ಗೆರೆಗಳು. ರೆಕ್ಕೆ ಎರಡು, ಮುಂದಿನ ಅಂಚು ಮಾತ್ರ ಕಂದು, ಮಡಿಸಿದ ಕಡಜದ ರೆಕ್ಕೆಯಂತೆ ಕಾಣಲು. ಕಣ್ಣು... ಅಲ್ಲಿಗೆ ಅವರು ತಡವರಿಸಿದರು. ಕಣ್ಣಿನ ಬಣ್ಣ ಏನೆಂದು ಹೇಳುವುದು, ಕೆಂಪೇ, ಕಂದೇ?

ನಾನು ಕಣ್ಣು ತೆರೆದೆ. ಅದು ನನ್ನನ್ನು ನೋಡುತ್ತಿರಲಿಲ್ಲ, ತನ್ನ ಪಾಡಿಗೆ ನನ್ನ ಉಪ್ಪು ನೆಕ್ಕುತ್ತಿತ್ತು. ಇಳಿಬಿಸಿಲು ಆ ಕಣ್ಣುಗಳ ಮೇಲೆ ಬಿದ್ದಿತ್ತು.

"ಕಾವಿಗೆಂಪು" ಎಂದೆ. "ಮೇಲ್ಗಡೆ ಕಾವಿಗೆಂಪು, ಕೆಳಗಡೆ ಸ್ವಲ್ಪ ನೇರಳೆ ಕಡೆಗೆ."

ಮೇಡಂ ಬಗ್ಗಿ ನೋಡಿ ಹೌದು ಎಂದರು. ಮೇಘನ ಬರೆದುಕೊಂಡಳು. ಅದನ್ನು ಬೇರೊಂದು ಬಾಟಲಿಗೆ ಸೇರಿಸಿದ ಮೇಲೆ ನಾನು ಕೂತಲ್ಲೇ ಹಿಂದಕ್ಕೆ ಮಲಗಿಬಿಟ್ಟೆ. ಎಷ್ಟು ಅಲುಗಾಡದೆ ಕೂತಿದ್ದರು ನೋಡಿ ಎಂದು ಮೇಡಂ ಮೆಚ್ಚಿದರಂತೆ. ನನಗೆ ಪ್ರಜ್ಞೆ ತಪ್ಪುವುದರಲ್ಲಿತ್ತು ಎಂಬುದನ್ನು ಗಿರಿಜ ಅವರಿಗೆ ಹೇಳಲಿಲ್ಲ.

ಬಹಳ ತಿಂಗಳುಗಳ ಮೇಲೆ ಅದು ಹೊಸ ಜಾತಿಯೇ ಎಂದು ಖಚಿತವಾಗಿ, ಮೇಘನಳ ಲೇಖನ ಅಚ್ಚಾಯಿತು. ಪುಟದ ತುಂಬ ದೊಡ್ಡದಾಗಿ ಆ ಫೋಟೋ. ನೊಣ ಸೊಗಸಾಗಿ ಬಂದಿತ್ತು. ನಾನು ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಸ್ಟಾಫ್ ರೂಮಿನ ಗೋಡೆಗೆ ನೇತುಹಾಕಿ, ಯಾರಾದರೂ ಕೇಳಲಿ ಎಂದು ಅದರ ಕೆಳಗೇ ಕೂತೆ. ವಿಜ್ಞಾನದ ಮೇಷ್ಟ್ರು ಬಂದು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನೊಣ ಚೆನ್ನಾಗಿದೆ ಸಾರ್" ಎಂದರು. "ಆದ್ರೆ ಅದು ಕೂತಿರೋದು ಯಾವ ಹಣ್ಣಿನ ಮೇಲೆ?"

ನಾನು ಬಲಗೈಯನ್ನು ಜೇಬಿಗೆ ಇಳಿಸಿದೆ.

"ಯಾವುದೋ ಕಾಡುಹಣ್ಣು" ಎಂದೆ. "ತಿನ್ನೋಕೆ ಬರಲ್ಲ."